ಮಕ್ಕಳನ್ನ ಕಟಗೊಂಡು ಒಂದು ವರ್ಷ ದೇಶ ತಿರುಗೂದು: ಹಾದಿ, ಕಾಗದ, ಔಷಧ, ಸಾಲಿ, ರೊಟ್ಟಿ

ವಿದ್ಯಾನಗರ_ಹುಬ್ಬಳ್ಳಿ
ನಮಸ್ಕಾರ್ರೀ. ಬರೂ ಜೂನ್‌ದಾಗ ಹೊರಟು ಒಂದು ವರ್ಷ ಹೊರದೇಶ ತಿರುಗೂ ವಿಚಾರ ಅದ. ಹೊರಡೂ ಹೊತ್ತಿಗೆ ಮಗಳಿಗೆ 8 ವರ್ಷ, ಮಗನಿಗೆ 1 ವರ್ಷ 8 ತಿಂಗಳು. ಮಗಳ ಪಾಸ್‌ಪೋರ್ಟ್ ಅದರ ಮುಂದಿನ ಫೆಬ್ರುವರಿಗೆ ಮುಗೀತದ. ಮಗಂದು ಇನ್ನೂ ಮಾಡಿಸಬೇಕು. ಸದ್ಯಕ್ಕ ಹಾಕ್ಕೊಂಡ ಹಾದಿ: ನೇಪಾಳ, ವಿಯೆಟ್ನಾಂ, ಮಲೇಷ್ಯಾ, ಯುರೋಪಿನ ನಾಲ್ಕು ದೇಶ, ಕಡೀಕ ಕೀನ್ಯಾ. ಹತ್ತು ದಿನಕ್ಕೊಂದು ಊರು ಅಂತ ಲೆಕ್ಕ. ಯಾವುದು ಮೊದಲು, ಯಾವುದು ಆಮ್ಯಾಲೆ, ಸಾಲಿ ಏನು ಮಾಡೂದು, ಔಷಧ ಊಟ ಹೆಂಗ, ತಿಳಿದವರು ಬಿಡಿಸಿ ಹೇಳ್ರಿ. ಪ್ಯಾಕೇಜ್ ಟೂರ್ ಬ್ಯಾಡ.

ಸಾಧನಕೇರಿ
ಮೊದಲು ನಕಾಶೆ ಮಡಚಿಟ್ಟು ಕ್ಯಾಲೆಂಡರ್ ತಗೀರಿ. ಜೂನ್‌ದಾಗ ನೇಪಾಳ ಅಂದ್ರ ಮಳಿಗೆ ಎದುರು ಹೋದಂಗ. ಜೂನ್ ನಡುವಿನಿಂದ ಸೆಪ್ಟೆಂಬರ್ ತನಕ ಅಲ್ಲಿ ಗುಡ್ಡ ಕುಸೀತಾವ, ಕಾಠ್ಮಂಡು–ಪೋಖರಾ ರಸ್ತೆ ತಾಸುಗಟ್ಟಲೆ ನಿಲ್ತದ, ಹಿಮಾಲಯ ಮೋಡದಾಗ ಮುಚ್ಚಿರ್ತದ. ನೇಪಾಳಕ್ಕ ಅಕ್ಟೋಬರ್–ನವೆಂಬರ್ ಚೊಲೊ. ಕೀನ್ಯಾದಾಗ ದೊಡ್ಡ ಮಳಿ ಮಾರ್ಚ್‌ದಿಂದ ಮೇ, ಜೂನ್‌ದಿಂದ ಅಕ್ಟೋಬರ್ ಒಣ ಹವಾ. ವಿಯೆಟ್ನಾಂ ಉದ್ದನ ದೇಶ, ಹವಾ ಒಂದೇ ಅಲ್ಲ. ನಡುವಿನ ಕರಾವಳಿಯೊಳಗ, ಅಂದ್ರ ಹುಯೆ, ದಾ ನಾಂಗ್, ಹೊಯಿ ಆನ್ ಕಡೆ, ಅಕ್ಟೋಬರ್–ನವೆಂಬರ್‌ದಾಗ ಬಿರುಗಾಳಿ, ನೆರೆ. ದಕ್ಷಿಣ ಭಾಗ ಡಿಸೆಂಬರ್‌ದಿಂದ ಏಪ್ರಿಲ್ ತನಕ ಒಣಗಿರ್ತದ. ಮಲೇಷ್ಯಾದ ಪೂರ್ವ ಕರಾವಳಿ ನವೆಂಬರ್‌ದಿಂದ ಫೆಬ್ರುವರಿ ತನಕ ಮಳಿ, ಜೂನ್‌ದಾಗ ಅಡ್ಡಿಯಿಲ್ಲ.

ಇನ್ನೊಂದು ಗಂಟು ಷೆಂಗನ್ ವೀಸಾದ್ದು, ಅಂದ್ರ ಫ್ರಾನ್ಸ್‌ದಂಥ ಯುರೋಪಿನ ಬಹಳಷ್ಟು ದೇಶಕ್ಕ ಒಂದೇ ನಡಿಯೂ ವೀಸಾ. ಅದಕ್ಕ ಪ್ರವಾಸದ 6 ತಿಂಗಳಿಗಿಂತ ಮೊದಲು ಅರ್ಜಿ ಹಾಕಾಕ ಬರಂಗಿಲ್ಲ, ಮತ್ತ ನೀವು ಕಾಯಂ ಇರೂ ದೇಶದಿಂದಲೇ ಹಾಕಬೇಕು. ಹನೋಯ್‌ದಾಗ ಪ್ರವಾಸಿ ವೀಸಾದ ಮ್ಯಾಲೆ ಕುಂತು ಫ್ರಾನ್ಸ್ ವೀಸಾ ಕೇಳಿದ್ರ ಅರ್ಜಿನ ತಗೋಳೂದು ಅನುಮಾನ. ಹಂಗಾಗಿ ಜೂನ್‌ದಾಗ ಹೊರಟು ಏಪ್ರಿಲ್‌ದಾಗ ಯುರೋಪಿಗೆ ಹೋಗಬೇಕಂದ್ರ ನಡುವ ಒಮ್ಮೆ ಊರಿಗೆ ಬರೂದು ಬೇಕೇ ಬೇಕು. ಇದನ್ನ ತೊಂದರೆ ಅನಬ್ಯಾಡ್ರಿ. ಮಕ್ಕಳ ಮುಂದಿನ ಡೋಸ್ ಲಸಿಕೆ, ಬಟ್ಟಿ ಬದಲಿ, ಅಜ್ಜ ಅಜ್ಜಿ, ಎಲ್ಲಾ ಒಂದೇ ತಿಂಗಳಾಗ ಮುಗೀತಾವ.

ನನ್ನ ಪ್ರಕಾರ ಹಿಂಗ ಹೊಂದತದ: ಜೂನ್ ಮಲೇಷ್ಯಾ, ಜುಲೈ–ಸೆಪ್ಟೆಂಬರ್ ಕೀನ್ಯಾ, ಅಕ್ಟೋಬರ್–ನವೆಂಬರ್ ನೇಪಾಳ, ಡಿಸೆಂಬರ್ ಹುಬ್ಬಳ್ಳಿ, ಜನವರಿ–ಮಾರ್ಚ್ ವಿಯೆಟ್ನಾಂ, ಏಪ್ರಿಲ್–ಜೂನ್ ಯುರೋಪ್. ವಿಯೆಟ್ನಾಂ ಇ-ವೀಸಾ 2023ರ ಆಗಸ್ಟ್‌ದಿಂದ 90 ದಿನಕ್ಕ ಸಿಗ್ತದ, ಒಂದು ಪ್ರವೇಶಕ್ಕ 25 ಡಾಲರ್. ಜನವರಿ 1ರಿಂದ ಮಾರ್ಚ್ 31 ಅಂದ್ರ ಲೀಪ್ ವರ್ಷ ಅಲ್ಲದಿದ್ರ ಸರಿಯಾಗಿ 90 ದಿನ. ಆದ್ರ ಕಡೀ ದಿನಕ್ಕ ತಂದು ನಿಲ್ಲಿಸಬ್ಯಾಡ್ರಿ, ಕೂಸಿಗೆ ಜ್ವರ ಬಂದು ವಿಮಾನ ತಪ್ಪಿದ್ರ ದಂಡ ಬೀಳ್ತದ. ಒಂದು ವಾರ ಸಡಿಲ ಇರಲಿ. ಮಲೇಷ್ಯಾ 2023ರ ಡಿಸೆಂಬರ್‌ದಿಂದ ನಮಗ 30 ದಿನ ವೀಸಾ ಇಲ್ಲದ ಬಿಡ್ತದ. ಅದು 2026ರ ಕಡೀ ತನಕ ಅಂತ ಹೇಳಿದ ಸವಲತ್ತು, ಟಿಕೆಟ್ ತಗೋಳೂ ಮುಂದ ಅವರ ವಲಸೆ ಇಲಾಖೆ ಜಾಲತಾಣ ನೋಡ್ರಿ.

ಮಾಳಮಡ್ಡಿ
ಸಾಧನಕೇರಿಯವರು ಹೇಳಿದ ಹಾದಿ ಸರಿ ಅದ. ಆದರೆ ಇಡೀ ವರ್ಷವನ್ನು ಹಿಡಿದಿಡುವುದು ಮಕ್ಕಳ ಪಾಸ್‌ಪೋರ್ಟಿನ ದಿನಾಂಕ. ಫೆಬ್ರುವರಿಗೆ ಮುಗಿಯುವ ಪಾಸ್‌ಪೋರ್ಟ್ ಅಂದರೆ ಆಗಸ್ಟ್‌ಗೇ ಮುಗಿದ ಹಾಗೆ, ಬಹಳಷ್ಟು ದೇಶಗಳು ಒಳಗೆ ಬರುವ ದಿನದಿಂದ 6 ತಿಂಗಳ ಅವಧಿ ಕೇಳುತ್ತವೆ. ಮಗಳದ್ದನ್ನು ಹೊರಡುವ ಮೊದಲೇ ಮರುವಿತರಣೆಗೆ ಹಾಕಿ. ಅವಧಿ ಮುಗಿಯುವ ಒಂದು ವರ್ಷದೊಳಗೆ ಹಾಕಬಹುದು. ಹೊರಗಿದ್ದಾಗ ಭಾರತೀಯ ರಾಯಭಾರ ಕಚೇರಿಯಲ್ಲೂ ಮಾಡಿಕೊಡುತ್ತಾರೆ, ಆದರೆ ವಾರಗಟ್ಟಲೆ ಆ ಊರು ಬಿಟ್ಟು ಕದಲುವಂತಿಲ್ಲ.

ಮಕ್ಕಳ ಪಾಸ್‌ಪೋರ್ಟ್ 5 ವರ್ಷಕ್ಕೆ ಮಾತ್ರ, 36 ಪುಟ, ಶುಲ್ಕ 1000 ರೂಪಾಯಿ. 8 ವರ್ಷದೊಳಗಿನವರ ಹೊಸ ಅರ್ಜಿಗೆ ಶೇ 10 ರಿಯಾಯಿತಿ ಇದೆ. ಅರ್ಜಿಯ ಜೊತೆ ‘ಅನೆಕ್ಸರ್ ಡಿ’ ಎಂಬ ಹೆತ್ತವರ ಘೋಷಣಾ ಪತ್ರ, ಅದಕ್ಕೆ ತಂದೆ ತಾಯಿ ಇಬ್ಬರ ಸಹಿ. ಅಪಾಯಿಂಟ್‌ಮೆಂಟಿಗೆ ಹುಬ್ಬಳ್ಳಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ. 4 ವರ್ಷದೊಳಗಿನ ಕೂಸಿಗೆ ಬಿಳಿ ಹಿನ್ನೆಲೆಯ ಫೋಟೋ ನೀವೇ ಒಯ್ಯಬೇಕು. ಕೂಸನ್ನು ಬಿಳಿ ಚಾದರದ ಮೇಲೆ ಮಲಗಿಸಿ ಮೇಲಿನಿಂದ ತೆಗೆಸಿದರೆ ನೆರಳು ಬೀಳುವುದಿಲ್ಲ, ಹಿಡಿದವರ ಕೈ ಕಾಣುವುದಿಲ್ಲ.

ಎಡವುವುದು ಹೆಸರಿನಲ್ಲಿ. 2023ರ ಅಕ್ಟೋಬರ್ 1 ಅಥವಾ ಆಮೇಲೆ ಹುಟ್ಟಿದವರಿಗೆ ಹುಟ್ಟಿದ ದಿನಾಂಕದ ಪುರಾವೆಯಾಗಿ ಜನನ ಪ್ರಮಾಣಪತ್ರ ಒಂದೇ ನಡೆಯುತ್ತದೆ. ನಮ್ಮ ಕಡೆ ಆಸ್ಪತ್ರೆಯಿಂದ ಬರುವ ಪ್ರಮಾಣಪತ್ರದಲ್ಲಿ ಎಷ್ಟೋ ಸಲ ಕೂಸಿನ ಹೆಸರೇ ಇರುವುದಿಲ್ಲ, ನಾಮಕರಣಕ್ಕೆ ಮೊದಲೇ ನೋಂದಣಿ ಆಗಿರುತ್ತದೆ. ಮೊದಲು ಮಹಾನಗರ ಪಾಲಿಕೆಯಲ್ಲಿ ಹೆಸರು ಸೇರಿಸಿ. ಆಗಲೇ ಅಡ್ಡಹೆಸರಿನ ಇಂಗ್ಲಿಷ್ ಅಕ್ಷರ ಅಪ್ಪನ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇದೆಯಾ ನೋಡಿ. ‘ಮಠ’ದ ಕೊನೆಗೆ ಎಚ್ ಅಕ್ಷರ ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ವೀಸಾ ಕೌಂಟರಿನಲ್ಲಿ ಅದೇ ಪ್ರಶ್ನೆ ಏಳುತ್ತದೆ. ಅಡ್ಡಹೆಸರಿನ ಜಾಗ ಖಾಲಿ ಬಿಡಲೇಬೇಡಿ. 2022ರ ನವೆಂಬರ್‌ನಿಂದ ಯುಎಇ ಒಂಟಿ ಹೆಸರಿನ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾ ಕೊಡುತ್ತಿಲ್ಲ.

ಜನನ ಪ್ರಮಾಣಪತ್ರಕ್ಕೆ ಅಪೊಸ್ಟಿಲ್ (ಹೊರದೇಶದಲ್ಲೂ ಒಪ್ಪುವ ಸರ್ಕಾರಿ ದೃಢೀಕರಣ) ಮಾಡಿಸಿ ಇಟ್ಟುಕೊಳ್ಳುವುದು ಒಳ್ಳೆಯದು. ಮೊದಲು ರಾಜ್ಯ ಸರ್ಕಾರದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಮುದ್ರೆ. ಅಪ್ಪ ಅಥವಾ ಅವ್ವ ಒಬ್ಬರೇ ಮಕ್ಕಳನ್ನು ಕರೆದುಕೊಂಡು ಗಡಿ ದಾಟುವ ಸಂದರ್ಭ ಬಂದರೆ, ಇನ್ನೊಬ್ಬರ ನೋಟರಿ ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿ ಬೇಕು. ಊರು ಬಿಡುವ ಮೊದಲೇ ಎರಡೂ ಕಡೆಯಿಂದ ಒಂದೊಂದು ಮಾಡಿಸಿ ಇಡಿ.

ಬೆಟಗೇರಿ_ಮಗ್ಗ
ಹತ್ತು ದಿನಕ್ಕೊಂದು ಊರು ಅಂದ್ರಲ್ಲರೀ, ಅದನ್ನ ಬಿಡ್ರಿ. ದೊಡ್ಡವರಿಗೆ ಸರಿ, ಎರಡು ವರ್ಷದ ಕೂಸಿಗೆ ಆಗಂಗಿಲ್ಲ. ಗಡಿಯಾರ ಬದಲಾದ್ರ ದಿನಕ್ಕ ಸುಮಾರು ಒಂದು ತಾಸಿನಂಗ ದೇಹ ಹೊಂದಿಕೋತದ. ಯುರೋಪಿಗೆ ಮೂರೂವರಿ ನಾಲ್ಕೂವರಿ ತಾಸಿನ ಫರಕ, ಅಂದ್ರ ನಾಕೈದು ದಿನ ನಿದ್ದಿಗೇ ಹೋತು. ಮ್ಯಾಲೆ ಹೊಸ ನೀರು, ಹೊಸ ಹಾಸಿಗಿ. ಒಂದು ಊರಾಗ 4 ವಾರಕ್ಕ ಕಡಿಮಿ ಇರಬ್ಯಾಡ್ರಿ. ಬಾಡಿಗಿ ಮನಿಗೂ 28 ದಿನ ದಾಟಿದ್ರ ತಿಂಗಳ ದರ ಹತ್ತತದ, ದಿನದ ದರಕ್ಕಿಂತ ಬಹಳ ಸೋವಿ. ಖರ್ಚಿನಾಗ ದೊಡ್ಡ ಪಾಲು ಹೋಗೂದು ಊರಿಂದ ಊರಿಗೆ ಓಡಾಡೂದಕ್ಕ, ಇರೂದಕ್ಕಲ್ಲ.

ಮನಿ ಹಿಡಿಯೂ ಮುಂದ ಫೋಟೋ ನೋಡಿ ಮರುಳಾಗಬ್ಯಾಡ್ರಿ. ಮಾಲಕರಿಗೆ ಬರದು ಕೇಳಬೇಕಾದ್ದು: ಬಾಲ್ಕನಿ ಕಟಾಂಜನದ ಸರಳಿನ ನಡುವ ಎಷ್ಟು ಅಂತರ (10 ಸೆಂಟಿಮೀಟರಿಗಿಂತ ಹೆಚ್ಚಿದ್ರ ಆ ಮನಿ ಬ್ಯಾಡ), ಕಿಡಕಿಗೆ ಜಾಳಿಗಿ ಅದನೋ ಇಲ್ಲೋ, ಮೆಟ್ಟಲಕ್ಕ ಬಾಗಿಲು ಅದನೋ, ಬಟ್ಟಿ ಒಗಿಯೂ ಮಷಿನ್ ಮನಿಯೊಳಗೇ ಅದನೋ, ಮಕ್ಕಳನ್ನ ನೋಡೂ ಆಸ್ಪತ್ರಿ ಅರ್ಧ ತಾಸಿನ ಹಾದಿಯೊಳಗ ಅದನೋ. ಮೊದಲ 5 ದಿನಕ್ಕಷ್ಟ ರೊಕ್ಕ ಕೊಟ್ಟು, ಕಣ್ಣಾರೆ ನೋಡಿ ಮುಂದಿನದು ಮಾತಾಡೂದು ಇನ್ನೂ ಚೊಲೊ.

ಹೊರಡೂ ದಿನ ಬೇರೆ ಕೆಲಸ ಇಟ್ಕೋಬ್ಯಾಡ್ರಿ. ಮುಟ್ಟಿದ ಮ್ಯಾಲೆ ಎರಡು ದಿನ ಪೂರಾ ಖಾಲಿ ಬಿಡ್ರಿ, ಕಿರಾಣಿ ಅಂಗಡಿ, ಆಟದ ಬಯಲು, ಔಷಧದ ಅಂಗಡಿ ಹುಡಕ್ಕೊಳ್ಳಾಕ. ನಾಲ್ಕು ಯುರೋಪ್ ದೇಶ ಎರಡು ಆಗಲಿ.

ವಿದ್ಯಾನಗರ_ಹುಬ್ಬಳ್ಳಿ
ಒಪ್ಪಿದೆ, 4 ವಾರ. ಯುರೋಪ್ ಎರಡೇ ದೇಶ. ಕೀನ್ಯಾಕ್ಕ ಹಳದಿ ಜ್ವರದ ಲಸಿಕೆ ಬೇಕು ಅಂತಾರ. ಸಣ್ಣಾಂವಗ ಹಾಕಿಸಬಹುದೇನ್ರಿ? ಔಷಧದ ಡಬ್ಬಿಯೊಳಗ ಏನೇನು ಇರಬೇಕು?

ಸಪ್ತಾಪುರ
9 ತಿಂಗಳು ದಾಟಿದ ಮಗುವಿಗೆ ಹಳದಿ ಜ್ವರದ ಲಸಿಕೆ ಹಾಕಬಹುದು, ಹಾಗಾಗಿ ನಿಮ್ಮ ಇಬ್ಬರು ಮಕ್ಕಳಿಗೂ ಆಗುತ್ತದೆ. ಇದನ್ನು ಎಲ್ಲ ಆಸ್ಪತ್ರೆಗಳಲ್ಲಿ ಹಾಕುವುದಿಲ್ಲ. ಕೇಂದ್ರ ಆರೋಗ್ಯ ಸಚಿವಾಲಯ ಗುರುತಿಸಿದ ಕೇಂದ್ರಗಳ ಕಾರ್ಡಿಗೆ ಮಾತ್ರ ಬೆಲೆ. ಒಂದು ಸೀಸೆಯಲ್ಲಿ ಹಲವು ಡೋಸ್ ಇರುತ್ತವೆ, ಕಲಸಿದ ಮೇಲೆ 6 ತಾಸಿನೊಳಗೆ ಮುಗಿಸಬೇಕು. ಅದಕ್ಕೇ ಕೇಂದ್ರಗಳು ವಾರದಲ್ಲಿ ಗೊತ್ತಾದ ದಿನ ಜನ ಕೂಡಿಸಿ ಹಾಕುತ್ತವೆ, ಮೊದಲೇ ಫೋನ್ ಮಾಡಿ ಹೋಗಿ. ಕಾರ್ಡಿಗೆ ಮಾನ್ಯತೆ ಬರುವುದು ಚುಚ್ಚಿದ 10ನೇ ದಿನದಿಂದ, ಆಮೇಲೆ ಜೀವಮಾನ ಪೂರ್ತಿ. ಕೀನ್ಯಾದಿಂದ ಭಾರತಕ್ಕೆ ಬರುವಾಗ ಕಾರ್ಡ್ ಇಲ್ಲದಿದ್ದರೆ 6 ದಿನದವರೆಗೆ ಪ್ರತ್ಯೇಕ ಇಡುವ ಅಧಿಕಾರ ಇಲ್ಲಿನ ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿಗಳಿಗೆ ಇದೆ. ನೇಪಾಳಕ್ಕೆ ಹೋಗುವ ದಾರಿಯಲ್ಲಿ ಭಾರತದಲ್ಲಿ ಇಳಿಯುತ್ತೀರಿ, ಅದನ್ನು ಮರೆಯಬೇಡಿ. ಕಾರ್ಡಿನ ಮೊಬೈಲ್ ಫೋಟೋ ನಂಬಿಕೊಳ್ಳಬೇಡಿ, ಮೂಲ ಕಾರ್ಡನ್ನೇ ಪಾಸ್‌ಪೋರ್ಟಿನ ಜೊತೆ ಇಡಿ.

ಒಂದು ಎಚ್ಚರ. ಹಳದಿ ಜ್ವರದ್ದೂ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಕೂಡ ಜೀವಂತ ಲಸಿಕೆಗಳು. ಸಣ್ಣ ಮಕ್ಕಳಿಗೆ ಇವೆರಡರ ನಡುವೆ 4 ವಾರ ಬಿಡುವುದು ಉತ್ತಮ. ಸರ್ಕಾರಿ ಲಸಿಕೆ ಪಟ್ಟಿಯಲ್ಲಿ ಇರುವುದು ದಡಾರ ಮತ್ತು ರುಬೆಲ್ಲಾ ಮಾತ್ರ, ಮಂಗನಬಾವು ಇಲ್ಲ. ಹೆಪಟೈಟಿಸ್ ಎ, ಟೈಫಾಯ್ಡ್, ಸಿಡುಬನ್ನು ಹೋಲುವ ಚಿಕನ್‌ಪಾಕ್ಸ್ ಇವೂ ಬೇರೆಯಾಗಿ ಹಾಕಿಸಬೇಕಾದವು. ನೇಪಾಳದ ತರಾಯಿ (ದಕ್ಷಿಣದ ತಗ್ಗು ಬಯಲು), ವಿಯೆಟ್ನಾಂ ಹಳ್ಳಿಗಳಿಗೆ ಜಪಾನೀಸ್ ಮೆದುಳು ಜ್ವರದ ಲಸಿಕೆ ಕೇಳಿ. ನಾಯಿ ಕಡಿತಕ್ಕೆ ಮುಂಚಿತ ಲಸಿಕೆ 0 ಮತ್ತು 7ನೇ ದಿನ, ಎರಡೇ ಸಲ. ಸಣ್ಣ ಮಕ್ಕಳು ನಾಯಿ ನೆಕ್ಕಿದ್ದನ್ನು, ಪರಚಿದ್ದನ್ನು ಹೇಳುವುದಿಲ್ಲ, ಆದ್ದರಿಂದ ಇದನ್ನು ಬಿಡಬೇಡಿ. ಮುಂಚೆ ಹಾಕಿಸಿದ್ದರೂ ಕಚ್ಚಿದಾಗ 15 ನಿಮಿಷ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ಮತ್ತೆ ಲಸಿಕೆ ಹಾಕಿಸಲೇಬೇಕು. ಇಷ್ಟೆಲ್ಲ ಮುಗಿಯಲು ಮೂರು ತಿಂಗಳು ಬೇಕು. ಮಾರ್ಚ್‌ನಲ್ಲಿ ಶುರು ಮಾಡಿ.

ಕೀನ್ಯಾದ ಕರಾವಳಿ ಮತ್ತು ವಿಕ್ಟೋರಿಯಾ ಸರೋವರದ ಕಡೆ ಮಲೇರಿಯಾ ಜಾಸ್ತಿ, ನೈರೋಬಿ ಎತ್ತರದಲ್ಲಿರುವುದರಿಂದ ಕಡಿಮೆ. ತಡೆ ಮಾತ್ರೆಯ ಪ್ರಮಾಣ ಮಗುವಿನ ತೂಕದ ಮೇಲೆ. ದೊಡ್ಡವರಿಗೆ ಕೊಡುವ ಡಾಕ್ಸಿಸೈಕ್ಲಿನ್ ಅನ್ನು 8 ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಮಕ್ಕಳ ವೈದ್ಯರೇ ಬರೆದುಕೊಡಲಿ.

ಡಬ್ಬಿಯ ವಿಷಯ. ಜ್ವರದ ಔಷಧದಲ್ಲೇ ಹೆಚ್ಚು ತಪ್ಪಾಗುತ್ತದೆ. ಪ್ಯಾರಾಸಿಟಮಾಲ್ ಒಂದು ಸಲಕ್ಕೆ ಕಿಲೋ ತೂಕಕ್ಕೆ 15 ಮಿ.ಗ್ರಾಂ. 12 ಕಿಲೋ ಮಗುವಿಗೆ 180 ಮಿ.ಗ್ರಾಂ. ನಮ್ಮ ಅಂಗಡಿಯಲ್ಲಿ 5 ಮಿ.ಲೀ.ಗೆ 120 ಇರುವುದೂ ಸಿಗುತ್ತದೆ, 250 ಇರುವುದೂ ಸಿಗುತ್ತದೆ. ಮೊದಲನೆಯದಾದರೆ 7.5 ಮಿ.ಲೀ., ಎರಡನೆಯದಾದರೆ 3.6 ಮಿ.ಲೀ. ಅಮೆರಿಕದ ಬ್ರ್ಯಾಂಡ್ ಆದರೆ ಹೆಸರು ಅಸಿಟಮಿನೊಫೆನ್, 5 ಮಿ.ಲೀ.ಗೆ 160. ಅದರಲ್ಲಿ ಸುಮಾರು 5.6 ಮಿ.ಲೀ. ‘ಒಂದು ಚಮಚ’ ಎಂಬ ಲೆಕ್ಕ ನಂಬಿದರೆ ದುಪ್ಪಟ್ಟು ಹೋಗಬಹುದು. ಸೂಜಿಯಿಲ್ಲದ 5 ಮಿ.ಲೀ. ಸಿರಿಂಜ್ ಎರಡು ಇಟ್ಟುಕೊಳ್ಳಿ, ಮಗುವಿನ ತೂಕ ಮತ್ತು ಡೋಸ್ ಬರೆದ ಚೀಟಿ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿ, ಮೂರು ತಿಂಗಳಿಗೊಮ್ಮೆ ತೂಗಿ ತಿದ್ದಿ. 24 ತಾಸಿನಲ್ಲಿ ನಾಲ್ಕು ಸಲಕ್ಕಿಂತ ಹೆಚ್ಚು ಬೇಡ.

ಒಂದು ಲೀಟರಿನ ಓಆರ್‌ಎಸ್ ಪೊಟ್ಟಣ 10. ಪೊಟ್ಟಣ ಒಡೆದರೆ ಇಡೀ ಲೀಟರ್ ನೀರಿಗೇ ಹಾಕಬೇಕು, ಲೋಟದ ನೀರಿಗೆ ಅಂದಾಜಿನ ಮೇಲೆ ಉದುರಿಸಿದರೆ ಉಪ್ಪು ಹೆಚ್ಚಾಗಿ ಮಗುವಿಗೆ ಅಪಾಯ. ಭೇದಿಗೆ ಜಿಂಕ್ 20 ಮಿ.ಗ್ರಾಂ. ದಿನಕ್ಕೊಮ್ಮೆ 14 ದಿನ, ನಿಂತ ಮೇಲೂ ಮುಂದುವರಿಸಬೇಕು.

ನೇಪಾಳದಲ್ಲಿ ಮುಕ್ತಿನಾಥಕ್ಕೆ ಹೋಗುವ ಆಸೆ ಎಲ್ಲರಿಗೂ ಇರುತ್ತದೆ. ಪೋಖರಾ ಸುಮಾರು 800 ಮೀಟರ್, ಮುಕ್ತಿನಾಥ ಸುಮಾರು 3,700. ಜೀಪಿನಲ್ಲಿ ನೇರವಾಗಿ ಒಯ್ದು ಅಲ್ಲೇ ಮಲಗಿಸಬಾರದು. ಎತ್ತರದ ತಲೆನೋವನ್ನು ಎರಡು ವರ್ಷದ ಕೂಸು ಬಾಯಿಬಿಟ್ಟು ಹೇಳಲಾರದು. ಅಳು ನಿಲ್ಲದಿದ್ದರೆ, ಹಾಲು ಒಲ್ಲೆ ಅಂದರೆ, ವಾಂತಿ ಆದರೆ ಅದೇ ಲಕ್ಷಣ ಅಂದುಕೊಂಡು ಕೂಡಲೇ ಕೆಳಗಿಳಿಯಿರಿ. ಜೊಮ್‌ಸೊಮ್‌ನಲ್ಲಿ (ಸುಮಾರು 2,700) ಎರಡು ರಾತ್ರಿ ತಂಗಿ, ಬೆಳಿಗ್ಗೆ ಹೋಗಿ ದರ್ಶನ ಮುಗಿಸಿ ಮಧ್ಯಾಹ್ನದೊಳಗೆ ಇಳಿದು ಬನ್ನಿ. ಇಷ್ಟು ಸಣ್ಣ ಕೂಸನ್ನು ಪೋಖರಾದಲ್ಲೇ ಒಬ್ಬರು ಇಟ್ಟುಕೊಂಡು ಇರುವುದು ನನ್ನ ಸಲಹೆ.

ಬ್ಯಾಡಗಿ_ಮೆಣಸಿನಕಾಯಿ
ಊಟದ್ದು ನಾ ಹೇಳ್ತೀನ್ರಿ. ಮೊದಲ ಎರಡು ವಾರ ಸಾಗಸೂವಷ್ಟು ಊರಿಂದ ಒಯ್ರಿ, ವರ್ಷದ್ದಲ್ಲ. ನಾಲ್ಕು ಮಂದಿಗೆ 40 ಕಡಕ್ ರೊಟ್ಟಿ, ಅರ್ಧ ಕಿಲೋ ಶೇಂಗಾ ಹಿಂಡಿ, ಕಾಲು ಕಿಲೋ ಅಗಸಿ ಹಿಂಡಿ, ಒಂದು ಕಿಲೋ ಅವಲಕ್ಕಿ, ಅರ್ಧ ಕಿಲೋ ಹುರಿದ ರವಾ. ರೊಟ್ಟಿ ಪೂರಾ ಆರಿದ ಮ್ಯಾಲೆ ಅರವಿಯೊಳಗ ಸುತ್ತಿ ಸ್ಟೀಲ್ ಡಬ್ಬಿಗೆ ಹಾಕಬೇಕು. ಸ್ವಲ್ಪ ಬಿಸಿ ಉಳಿದ್ರೂ ನಾಕನೇ ದಿನಕ್ಕ ಬೂಸು ಹಿಡೀತದ. ಕೀನ್ಯಾಕ್ಕ ಹೋಗೂವಾಗ ಪ್ಲಾಸ್ಟಿಕ್ ಕೈಚೀಲ ಒಂದೂ ಇರಬಾರದು, 2017ರ ಆಗಸ್ಟ್‌ದಿಂದ ಅಲ್ಲಿ ನಿಷೇಧ ಅದ. ಅರವಿ ಚೀಲ ಹೊಲಿಸಿಕೊಳ್ರಿ.

ಗಸಗಸಿ ಮುಟ್ಟಬ್ಯಾಡ್ರಿ. ಯುಎಇ, ಸಿಂಗಾಪುರದಾಗ ಅದು ಮಾದಕ ವಸ್ತು ಲೆಕ್ಕ, ವಿಮಾನ ಬದಲಿಸಾಕ ದುಬೈದಾಗ ಇಳದ್ರೂ ಹಿಡೀತಾರ. ಮನಿ ಮಸಾಲಿ ಪುಡಿಯೊಳಗ ಗಸಗಸಿ ಹುರದು ಹಾಕಿರ್ತಾರ, ಕೇಳಿ ತಿಳಕೊಂಡು ಬ್ಯಾರೆ ಕುಟ್ಟಸ್ರಿ. ಯುರೋಪಿಗೆ ಧಾರವಾಡ ಪೇಡೆ, ತುಪ್ಪ, ಕುಂದಾ ಒಯ್ಯಾಕ ಬರಂಗಿಲ್ಲ. ಹೊರಗಿನವರು ಹಾಲಿನ ಪದಾರ್ಥ, ಮಾಂಸ ಚೀಲದಾಗ ತರೂದನ್ನ ಯುರೋಪ್ ಒಕ್ಕೂಟ ಬಿಡಂಗಿಲ್ಲ. ಕೂಸಿನ ಹಾಲಿನ ಪುಡಿಗೆ ಮಾತ್ರ 2 ಕಿಲೋ ತನಕ ವಿನಾಯಿತಿ, ಪ್ಯಾಕ್ ಒಡದಿರಬಾರದು.

ಜ್ವಾಳದ ಹಿಟ್ಟಿಗೆ ಚಿಂತಿ ಬ್ಯಾಡ. ಕೀನ್ಯಾದಾಗ ಜ್ವಾಳಕ್ಕ ‘ಮ್ತಾಮಾ’ ಅಂತಾರ, ಅದರ ಹಿಟ್ಟು ಅಂಗಡಿಯೊಳಗ ಸಿಗ್ತದ, ಗಂಜಿಗೆ ಉಪಯೋಗಿಸ್ತಾರ. ಹಳೇ ಹಿಟ್ಟಿಗೆ ಜಿಗಿ ಇರಂಗಿಲ್ಲ, ತಟ್ಟೂವಾಗ ಅಂಚು ಒಡೀತದ. ಎಸರು ಕುದಿಯೂವಾಗನ ಹಿಟ್ಟಿಗೆ ಸುರದು, ಮುಚ್ಚಿಟ್ಟು, ಕೈ ತಾಳೂವಷ್ಟು ಆರಿದ ಮ್ಯಾಲೆ ಚಂದಂಗಿ ನಾದ್ರಿ, ಒಡಿಯಂಗಿಲ್ಲ. ನೈರೋಬಿ, ಮೊಂಬಾಸಾದಾಗ ತೊಗರಿಬ್ಯಾಳಿ, ಹೆಸರು, ಜೀರಗಿ ಎಲ್ಲಾ ಗುಜರಾತಿ ಅಂಗಡಿಯೊಳಗ ಸಿಗ್ತಾವ. ವಿಯೆಟ್ನಾಂದಾಗ ಸಸ್ಯಾಹಾರಕ್ಕ ‘ಚಾಯ್’ ಅನಬೇಕು. ‘ಮಾಂಸ ಬ್ಯಾಡ’ ಅಂದ್ರ ಮೀನಿನ ಸಾಸ್ ಹಾಕಿಯೇ ಕೊಡ್ತಾರ, ಅವರ ಲೆಕ್ಕದಾಗ ಅದು ಉಪ್ಪು ಇದ್ದಂಗ. ಮಲೇಷ್ಯಾದಾಗ ಪಲ್ಯಕ್ಕೂ ‘ಬೆಲಾಚಾನ್’ ಅನ್ನೂ ಸಿಗಡಿ ಮುದ್ದಿ ಹಾಕ್ತಾರ, ಅದರ ಹೆಸರು ಹಿಡದೇ ಬ್ಯಾಡ ಅನ್ರಿ.

ಕುಕ್ಕರ್ ಒಯ್ಯೂದಾದ್ರ 3 ಲೀಟರಿನ ಸ್ಟೀಲಿಂದು, ತಳಕ್ಕ ಆಯಸ್ಕಾಂತ ಹತ್ತೂವಂಥದ್ದು. ಯುರೋಪಿನ ಬಾಡಿಗಿ ಮನಿಯೊಳಗ ಇಂಡಕ್ಷನ್ ಒಲಿ ಬಹಳ, ಬರೀ ಅಲ್ಯುಮಿನಿಯಂ ಕುಕ್ಕರ್ ಅದರ ಮ್ಯಾಲೆ ಕಾಯಂಗಿಲ್ಲ. ಎರಡು ಗ್ಯಾಸ್ಕೆಟ್, ಒಂದು ಸೇಫ್ಟಿ ವಾಲ್ವ್ ಸಂಗ್ತ ಇರಲಿ, ಅಲ್ಲಿ ಸಿಗಂಗಿಲ್ಲ.

ಉಣಕಲ್_ಕೆರೆ
ವಿಮಾನದ್ದು ಯಾರೂ ಹೇಳಿಲ್ಲ, ನಾನು ಸೇರಿಸ್ತೀನಿ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಒಂದು ಟಿಕೆಟ್, ಅಲ್ಲಿಂದ ಕೌಲಾಲಂಪುರಕ್ಕೆ ಇನ್ನೊಂದು ಟಿಕೆಟ್ ಅಂದರೆ ಎರಡು ತೊಡಕು. ಒಂದು, ದೇಶದೊಳಗಿನ ಟಿಕೆಟಿಗೆ ಸಾಮಾನ್ಯವಾಗಿ 15 ಕಿಲೋ ಸಾಮಾನು, ಹೊರದೇಶದ್ದಕ್ಕೆ ಅದಕ್ಕಿಂತ ಹೆಚ್ಚು. ಹುಬ್ಬಳ್ಳಿ ಕೌಂಟರಿನಲ್ಲೇ ಹೆಚ್ಚುವರಿ ದುಡ್ಡು ತೆರಬೇಕಾಗುತ್ತದೆ. ಎರಡು, ಬೆಂಗಳೂರಲ್ಲಿ ಸಾಮಾನು ಹೊರತೆಗೆದು ಮತ್ತೆ ಕೊಡಬೇಕು. ಹೊರದೇಶದ ವಿಮಾನಗಳೆಲ್ಲ ಟರ್ಮಿನಲ್ 2ರಿಂದ, ಹುಬ್ಬಳ್ಳಿಯ ಇಂಡಿಗೋ ಇಳಿಯುವುದು ಟರ್ಮಿನಲ್ 1ಕ್ಕೆ. ನಡುವೆ ಬಸ್ಸಿದೆ, ಆದರೆ ಕೂಸು, ನಾಲ್ಕು ಚೀಲ, ತಳ್ಳುಗಾಡಿ ಸೇರಿ 5 ತಾಸಿಗಿಂತ ಕಡಿಮೆ ಅಂತರ ಇಟ್ಟುಕೊಳ್ಳಬೇಡಿ. ಮೊದಲ ವಿಮಾನ ತಡವಾದರೆ ಬೇರೆ ಟಿಕೆಟಿನ ಹೊಣೆ ಯಾರೂ ಹೊರುವುದಿಲ್ಲ. ಹಿಂದಿನ ದಿನವೇ ರೈಲಿನಲ್ಲಿ ಹೋಗಿ ಒಂದು ರಾತ್ರಿ ತಂಗುವುದು ಮಕ್ಕಳಿಗೆ ಹಿತ.

ನಿಮ್ಮ ಮಗನಿಗೆ ಅಕ್ಟೋಬರ್‌ನಲ್ಲಿ 2 ತುಂಬುತ್ತದೆ. ಅಲ್ಲಿವರೆಗೆ ತೊಡೆಯ ಮೇಲೆ ಕೂರಿಸಿ ಒಯ್ಯಬಹುದು, ಹೊರದೇಶದ ಟಿಕೆಟಿಗೆ ಹೆಚ್ಚಿನ ಕಂಪನಿಗಳು ದೊಡ್ಡವರ ದರದ ಶೇ 10ರಷ್ಟು ತೆಗೆದುಕೊಳ್ಳುತ್ತವೆ. ಆದರೆ ಲೆಕ್ಕ ಪ್ರತಿ ಹಾರಾಟದ ದಿನದ್ದು. ಸೆಪ್ಟೆಂಬರ್‌ನಲ್ಲಿ ಹೋಗಿ ನವೆಂಬರ್‌ನಲ್ಲಿ ಮರಳುವ ಟಿಕೆಟ್ ತೆಗೆದರೆ ಮರಳುವಾಗ ಅವನಿಗೆ ಸ್ವಂತ ಸೀಟು ಬೇಕು.

ವಿದ್ಯಾನಗರ_ಹುಬ್ಬಳ್ಳಿ
ಇಷ್ಟು ತಪಶೀಲು ಸಿಗ್ತದ ಅಂತ ಅನ್ಕೊಂಡಿರಲಿಲ್ಲ, ಎಲ್ಲಾರಿಗೂ ಶರಣು. ಮಗಳು ಮೂರನೇತ್ತಾ ಮುಗಸ್ತಾಳ. ಟಿ.ಸಿ. ತಗೋಬೇಕೋ, ರಜಾ ಬರಸಬೇಕೋ?

ರಾಣೇಬೆನ್ನೂರು_ಕೃಷ್ಣಮೃಗ
ವರ್ಷಪೂರ್ತಿ ರಜೆಗೆ ನಿಯಮದಲ್ಲಿ ಜಾಗ ಇಲ್ಲ ಅಕ್ಕಾರ, ಹಾಜರಿ ಇಲ್ಲದ ಹೆಸರನ್ನು ಕಡೆಗೆ ತೆಗೆಯುತ್ತಾರೆ. ಟಿ.ಸಿ. ತೆಗೆದುಕೊಂಡೇ ಹೋಗಿ, ಅದರಲ್ಲಿ ಸ್ಯಾಟ್ಸ್ ಸಂಖ್ಯೆ (ಶಿಕ್ಷಣ ಇಲಾಖೆಯ ಕಂಪ್ಯೂಟರ್ ದಾಖಲೆಯಲ್ಲಿ ಮಗುವಿನ ಗುರುತು ಸಂಖ್ಯೆ) ಸರಿ ಇದೆಯಾ ನೋಡಿ. ಮರಳಿ ಬಂದಾಗ ಯಾವ ಶಾಲೆಯಾದರೂ ಆ ಸಂಖ್ಯೆಯಿಂದಲೇ ಮಗುವಿನ ದಾಖಲೆ ಎಳೆದುಕೊಳ್ಳುತ್ತದೆ, ಸಂಖ್ಯೆ ತಪ್ಪಿದ್ದರೆ ಹೊಸದಾಗಿ ಹುಟ್ಟಿಸಿ ಎರಡು ದಾಖಲೆ ಆಗಿಬಿಡುತ್ತವೆ. ಶಿಕ್ಷಣ ಹಕ್ಕು ಕಾಯ್ದೆ (2009) 4ನೇ ಸೆಕ್ಷನ್ ಪ್ರಕಾರ ಶಾಲೆ ಬಿಟ್ಟಿದ್ದ 6ರಿಂದ 14 ವರ್ಷದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು, ಹಿಂದಿನ ತರಗತಿಗೆ ತಳ್ಳುವಂತಿಲ್ಲ. ಖಾಸಗಿ ಶಾಲೆಯಲ್ಲಿ ನಿಮ್ಮ ಹಳೆಯ ಸೀಟು ಕಾದಿರುತ್ತದೆ ಅಂತ ಮಾತ್ರ ತಿಳಿಯಬೇಡಿ. ಅದನ್ನು ಮುಖ್ಯೋಪಾಧ್ಯಾಯರಿಂದ ಬರಹದಲ್ಲಿ ಪಡೆಯಿರಿ.

ಎನ್‌ಐಓಎಸ್ (ಕೇಂದ್ರ ಸರ್ಕಾರದ ಮುಕ್ತ ಶಾಲೆ) ಬಗ್ಗೆ ಬಹಳ ಜನ ಕೇಳುತ್ತಾರೆ. ಅದರ ಮುಕ್ತ ಮೂಲಶಿಕ್ಷಣದಲ್ಲಿ ‘ಎ’ ಹಂತ 3ನೇ ತರಗತಿಗೆ, ‘ಬಿ’ 5ಕ್ಕೆ, ‘ಸಿ’ 8ಕ್ಕೆ ಸಮ. ಹತ್ತನೆಯ ಪರೀಕ್ಷೆಗೆ 14 ವರ್ಷ ತುಂಬಿರಬೇಕು. ಒಂದೇ ವರ್ಷದ ಪ್ರವಾಸಕ್ಕೆ, ಅದೂ ಈ ವಯಸ್ಸಿಗೆ, ಇದರ ಅಗತ್ಯ ಇಲ್ಲ.

ಕಲಿಕೆಯಲ್ಲಿ ಹಿಂದೆ ಬೀಳುವುದು ಎರಡೇ ಕಡೆ: ಗಣಿತ, ಕನ್ನಡ ಬರವಣಿಗೆ. ವಿಜ್ಞಾನ, ಪರಿಸರ, ಭೂಗೋಳ ದಾರಿಯುದ್ದಕ್ಕೂ ಕಣ್ಣೆದುರಿಗೇ ಇರುತ್ತವೆ. ರಾಜ್ಯದ ನಾಲ್ಕನೇ ತರಗತಿಯ ಪುಸ್ತಕಗಳು ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪಿಡಿಎಫ್ ಆಗಿ ಪುಕ್ಕಟೆ ಸಿಗುತ್ತವೆ. ಗಣಿತದ್ದನ್ನು ಮಾತ್ರ ಛಾಪಿಸಿ ಒಯ್ಯಿರಿ, ಉಳಿದದ್ದು ಟ್ಯಾಬ್‌ನಲ್ಲಿ ಇರಲಿ. ಬೆಳಿಗ್ಗೆ ತಿಂಡಿ ಆದ ಕೂಡಲೇ 40 ನಿಮಿಷ ಗಣಿತ, 20 ನಿಮಿಷ ಕನ್ನಡ, ವಾರಕ್ಕೆ 5 ದಿನ. ಪ್ರಯಾಣದ ದಿನ ಬೇಡ. ‘ಸಂಜೆ ಮಾಡೋಣ’ ಅಂದರೆ ಆಗುವುದೇ ಇಲ್ಲ, ಕಣ್ಣು ಎಳೆಯುತ್ತಿರುತ್ತವೆ. ಭಿನ್ನರಾಶಿ ನಾಲ್ಕನೇ ತರಗತಿಯ ಕಠಿಣ ಜಾಗ, ಅದನ್ನು ಡಿಸೆಂಬರ್‌ನಲ್ಲಿ ಊರಲ್ಲಿದ್ದಾಗ ಇಟ್ಟುಕೊಳ್ಳಿ, ಗೊತ್ತಿದ್ದವರು ಎದುರು ಕೂತು ಹೇಳಿಕೊಡಬಹುದು. ದೊಡ್ಡ ಸಂಖ್ಯೆಗಳಿಗೆ ವಿಯೆಟ್ನಾಂ ಡಾಂಗ್‌ಗಿಂತ ಒಳ್ಳೆಯ ಮೇಷ್ಟ್ರಿಲ್ಲ, ಅಲ್ಲಿ ಎರಡು ಊಟದ ಬಿಲ್ಲೇ ಲಕ್ಷ ದಾಟುತ್ತದೆ. ಕನ್ನಡಕ್ಕೆ ವಾರಕ್ಕೊಂದು ಕಾಗದ, ಅಜ್ಜಿಗೆ, ಕೈಬರಹದಲ್ಲಿ. ಫೋಟೋ ತೆಗೆದು ಕಳಿಸಿ. ಅಜ್ಜಿ ತಿರುಗಿ ಬರೆಯಲಿ.

ಗೋಕುಲ_ರೋಡ್
ರೊಕ್ಕದ ಮಾತು. ಫಾರೆಕ್ಸ್ ಕಾರ್ಡಿಗೆ (ಹೊರದೇಶದ ನಾಣ್ಯ ತುಂಬಿಡೂ ಕಾರ್ಡು) ತುಂಬೂದು, ಹೊರಗ ಕಳಸೂದು ಎಲ್‌ಆರ್‌ಎಸ್ ಲೆಕ್ಕಕ್ಕ ಬರ್ತದ, ಅಂದ್ರ ಹೊರದೇಶಕ್ಕ ರೊಕ್ಕ ಒಯ್ಯಾಕ ರಿಸರ್ವ್ ಬ್ಯಾಂಕ್ ಮಾಡಿದ ಯೋಜನೆ. 2025ರ ಏಪ್ರಿಲ್‌ದಿಂದ ಒಬ್ಬರ ಪ್ಯಾನ್ ಮ್ಯಾಲೆ ಒಂದು ಆರ್ಥಿಕ ವರ್ಷಕ್ಕ 10 ಲಕ್ಷ ತನಕ ಟಿಸಿಎಸ್ (ಮುಂಗಡ ಹಿಡಿಯೂ ಆದಾಯ ತೆರಿಗಿ) ಇಲ್ಲ, ದಾಟಿದ ಮೊತ್ತಕ್ಕ ಪ್ರವಾಸದ ಬಾಬ್ತಿನಾಗ ಶೇ 20 ಹಿಡೀತಾರ. ಅದು ರಿಟರ್ನ್ ತುಂಬಿದಾಗ ಹೊಂದಾಣಿಕಿ ಆಗ್ತದ, ಆದ್ರ ಅಲ್ಲಿತನಕ ರೊಕ್ಕ ಸಿಕ್ಕೊಂಡಿರ್ತದ. ನಿಮ್ಮ ಪ್ರವಾಸ ಎರಡು ಆರ್ಥಿಕ ವರ್ಷಕ್ಕ ಹಂಚಿ ಹೋಗ್ತದ. ಗಂಡ ಹೆಂಡತಿ ಇಬ್ಬರ ಹೆಸರಿಲೆ ತುಂಬಿ, ಯುರೋಪಿಂದು ಏಪ್ರಿಲ್ 1 ದಾಟಿದ ಮ್ಯಾಲೆ ತುಂಬಿದ್ರ ಮಿತಿ ದಾಟೂದು ಕಡಿಮಿ.

ಕಾರ್ಡ್ ಮಷಿನ್ ‘ರೂಪಾಯಿಯೊಳಗ ಕೊಡ್ತೀರೇನು’ ಅಂತ ಕೇಳಿದ್ರ ಒಪ್ಪಬ್ಯಾಡ್ರಿ, ಅಲ್ಲಿನ ನಾಣ್ಯಾನ ಒತ್ರಿ. ರೂಪಾಯಿ ಒತ್ತಿದ್ರ ಅಂಗಡಿ ಕಡೆಯ ಬ್ಯಾಂಕ್ ತನ್ನ ಕೆಟ್ಟ ದರ ಹಾಕ್ತದ. ಎರಡು ಬೇರೆ ಬೇರೆ ಬ್ಯಾಂಕಿನ ಕಾರ್ಡು ಎರಡು ಚೀಲದಾಗ ಇರಲಿ.

ಎಲ್ಲಾದಕ್ಕಿಂತ ಹೆಚ್ಚು ಮಂದಿ ಸಿಕ್ಕೊಳ್ಳೂದು ಓಟಿಪಿಗೆ. ಊರಿನ ಸಿಮ್ ರೋಮಿಂಗ್ ಹೊರಡೂ ಮುಂದನ ಚಾಲೂ ಮಾಡಿಸಿ, ಡೇಟಾ ಬಂದ್ ಇಟ್ಟು, ಬರೀ ಎಸ್‌ಎಂಎಸ್ ಬರೂವಂಗ ಇಡ್ರಿ. ರೀಚಾರ್ಜ್ ಮುಗಿಯೂ ತಾರೀಖು ಬರದಿಟ್ಕೊಳ್ರಿ. ನಂಬರ್ ಸತ್ತು ಬೇರೆಯವರ ಕೈಗೆ ಹೋದ್ರ ಬ್ಯಾಂಕಿನ ಬಾಗಿಲು ಮುಚ್ಚಿದಂಗನ. ಕೀನ್ಯಾದಾಗ ಸಂತಿ, ರಿಕ್ಷಾ ಎಲ್ಲಾ ಎಂ-ಪೆಸಾ (ಮೊಬೈಲಿನಿಂದ ರೊಕ್ಕ ಕೊಡೂ ವ್ಯವಸ್ಥೆ) ಮ್ಯಾಲೆ ನಡೀತದ, ಮೂಲ ಪಾಸ್‌ಪೋರ್ಟ್ ತೋರಿಸಿದ್ರ ಅಲ್ಲಿನ ಸಿಮ್ ಕೊಡ್ತಾರ.

ವಿಮೆ ಹೊರಡೂ ಮುಂದ ತಗೋಬೇಕು, ಹೊರಗ ಹೋದ ಮ್ಯಾಲೆ ಸಿಗಂಗಿಲ್ಲ. ‘ವಾರ್ಷಿಕ ಮಲ್ಟಿ-ಟ್ರಿಪ್’ ಅಂತ ಬರದಿದ್ದನ್ನ ನೋಡಿ ಖುಷಿ ಆಗಬ್ಯಾಡ್ರಿ, ಅದರೊಳಗ ಒಂದೊಂದು ಪ್ರವಾಸಕ್ಕ 30, 45, 60 ದಿನದ ಮಿತಿ ಇರ್ತದ. ನಿಮಗ ಬೇಕಾದ್ದು ಒಂದೇ ಪ್ರವಾಸದ 180 ದಿನದ ಪಾಲಿಸಿ, ಎರಡು ಸಲ. ಡಿಸೆಂಬರ್‌ದಾಗ ಊರಿಗೆ ಬರೂದು ಇದಕ್ಕೂ ಸರಿಹೊಂದತದ.

ವಿದ್ಯಾನಗರ_ಹುಬ್ಬಳ್ಳಿ
ಡಿಸೆಂಬರ್‌ದಾಗ ಷೆಂಗನ್‌ಗೆ ಮಕ್ಕಳನ್ನೂ ಬೆಂಗಳೂರಿಗೆ ಒಯ್ಯಬೇಕೇನ್ರಿ? ಶುಲ್ಕ ಎಷ್ಟಾದೀತು?

ಮಾಳಮಡ್ಡಿ
2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನವರಿಗೆ 45, 6ರೊಳಗಿನವರಿಗೆ ಇಲ್ಲ. ನಿಮಗೆ ಒಟ್ಟು 225 ಯೂರೋ, ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. 12ರೊಳಗಿನ ಮಕ್ಕಳ ಬೆರಳಚ್ಚು ತೆಗೆಯುವುದಿಲ್ಲ. ಆದರೂ ಮಕ್ಕಳು ಖುದ್ದಾಗಿ ಬರಬೇಕೋ ಬೇಡವೋ ಅನ್ನುವುದು ದೇಶದಿಂದ ದೇಶಕ್ಕೆ ಬೇರೆ, ಅಪಾಯಿಂಟ್‌ಮೆಂಟ್ ಪುಟದಲ್ಲೇ ಬರೆದಿರುತ್ತದೆ. ಮಕ್ಕಳ ಅರ್ಜಿಗೆ ತಂದೆ ತಾಯಿ ಇಬ್ಬರೂ ಸಹಿ ಹಾಕಬೇಕು, ವಿಮೆ ಕನಿಷ್ಠ 30,000 ಯೂರೋದ್ದು, ಪ್ರತಿಯೊಬ್ಬರ ಹೆಸರಿನಲ್ಲೂ.

ಅರ್ಜಿ ಹಾಕಬೇಕಾದ್ದು ಹೆಚ್ಚು ದಿನ ಉಳಿಯುವ ದೇಶಕ್ಕೆ. 180 ದಿನದಲ್ಲಿ 90 ದಿನವೇ ಮಿತಿ, ಬಂದ ದಿನ, ಹೋಗುವ ದಿನ ಎರಡೂ ಲೆಕ್ಕಕ್ಕೆ. ಏಪ್ರಿಲ್ 1ಕ್ಕೆ ಇಳಿದರೆ ಜೂನ್ 29 ತೊಂಬತ್ತನೇ ದಿನ. ಪೂರ್ತಿ 90 ಕೇಳಿದರೂ ಪಾಸ್‌ಪೋರ್ಟಿಗೆ ಅಂಟಿಸುವ ವೀಸಾ ಸ್ಟಿಕ್ಕರಿನಲ್ಲಿ ಕಡಿಮೆ ದಿನ ಬರೆದು ಕೊಡಬಹುದು. ಆದ್ದರಿಂದ ಪಾಸ್‌ಪೋರ್ಟ್ ಕೈಗೆ ಬಂದ ಕೂಡಲೇ ನಾಲ್ವರದ್ದೂ ದಿನಗಳ ಸಂಖ್ಯೆ ಬೇರೆ ಬೇರೆ ಓದಿ ನೋಡಿ, ಮನೆಯ ಬಾಡಿಗೆ ಮುಂಗಡ ಆಮೇಲೆ ಕಟ್ಟಿ. ಪ್ರಕ್ರಿಯೆಗೆ 15 ದಿನ ಅನ್ನುತ್ತಾರೆ, 45 ದಿನದವರೆಗೂ ಹೋಗಬಹುದು. ಡಿಸೆಂಬರ್ ಮೊದಲ ವಾರದ ಅಪಾಯಿಂಟ್‌ಮೆಂಟನ್ನು ನೇಪಾಳದಲ್ಲಿ ಇದ್ದಾಗಲೇ ಹಿಡಿದಿಡಿ, ಇಲ್ಲದಿದ್ದರೆ ವಿಯೆಟ್ನಾಂ ಟಿಕೆಟಿನ ಹೊತ್ತಿಗೆ ಪಾಸ್‌ಪೋರ್ಟ್ ದೂತಾವಾಸದಲ್ಲೇ ಇರುತ್ತದೆ.